ಗೆಟಿಸ್‌ಬರ್ಗ್‌ಗೆ ನೀಲಿ ಕೋಟು: ಅಂತರ್ಯುದ್ಧದ ಸಮವಸ್ತ್ರ ಹೊಂದಿಸಿಕೊಳ್ಳುವ ಬಗೆ

ಅಮೆರಿಕದ ಅಂತರ್ಯುದ್ಧದ (1861–65) ಕಾಳಗಗಳನ್ನು ಅಂದಿನ ಉಡುಪಿನಲ್ಲೇ ಮತ್ತೆ ಆಡಿ ತೋರಿಸುವ ಹವ್ಯಾಸ ಅಲ್ಲಿ ದಶಕಗಳಿಂದ ಬೇರೂರಿದೆ. ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್, ವಾಷಿಂಗ್ಟನ್ ಸುತ್ತಮುತ್ತ ನೆಲೆಸಿದ ಕನ್ನಡಿಗರಿಗೆ ಕಾರಿನಲ್ಲಿ ಸುಮಾರು ಎರಡು ತಾಸಿನ ದಾರಿ. ನೋಡಲು ಹೋದವರಲ್ಲಿ ಕೆಲವರಿಗಾದರೂ ತಾವೂ ಆ ಸಾಲಿನಲ್ಲಿ ನಿಲ್ಲಬೇಕೆಂಬ ಆಸೆ ಹುಟ್ಟುತ್ತದೆ. ‘ನಮ್ಮ ಮುಖಕ್ಕೆ ಆ ವೇಷ ಒಪ್ಪೀತೇ’ ಎಂದು ಹಿಂಜರಿಯಬೇಕಿಲ್ಲ. ಚೀನಾದಲ್ಲಿ ಹುಟ್ಟಿದ ಜೋಸೆಫ್ ಪಿಯರ್ಸ್ ಉತ್ತರದ ಯೂನಿಯನ್ ಸೇನೆಯ 14ನೇ ಕನೆಕ್ಟಿಕಟ್ ದಳದ ಸಿಪಾಯಿಯಾಗಿ ಗೆಟಿಸ್‌ಬರ್ಗ್‌ನಲ್ಲಿ ಹೋರಾಡಿದ್ದ. ಅವನಂಥ ಸಾಮಾನ್ಯ ಕಾಲಾಳಿನ ಸಮವಸ್ತ್ರವನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಂಡಿದ್ದೇನೆ.

ಯಾವ ದಳ, ಯಾವ ವರ್ಷ?

ಒಂದು ಗುಂಡಿ ಕೊಳ್ಳುವ ಮೊದಲೂ ಇದು ತೀರ್ಮಾನವಾಗಬೇಕು. ಸೈನಿಕರ ಟೋಪಿಯ ಮೇಲಿನ ಕೋರ್ (ಸೇನಾ ವಿಭಾಗ) ಲಾಂಛನಗಳನ್ನು ಯೂನಿಯನ್ನಿನ ಪೊಟೊಮ್ಯಾಕ್ ಸೇನೆಯಲ್ಲಿ ಜನರಲ್ ಜೋಸೆಫ್ ಹುಕರ್ ಜಾರಿಗೆ ತಂದದ್ದು 1863ರ ಮಾರ್ಚ್‌ನಲ್ಲಿ. ಗೆಟಿಸ್‌ಬರ್ಗ್‌ನಲ್ಲಿ ಪಿಯರ್ಸನ ದಳದವರಿಗೆ ಮೂರೆಲೆಯ ನೀಲಿ ಲಾಂಛನ ಸರಿ. ಅದೇ ದಳ 1862ರ ಆಂಟಿಟಮ್ ಕಾಳಗದಲ್ಲೂ ಇತ್ತು. ಆ ಪ್ರದರ್ಶನಕ್ಕೆ ಲಾಂಛನ ಧರಿಸಿ ಹೋದರೆ ತಪ್ಪು. ಪ್ಯಾಂಟಿನ ಕಥೆಯೂ ಹೀಗೆಯೇ: 1861ರ ಡಿಸೆಂಬರ್ ಆದೇಶದ ಬಳಿಕವೇ ಕಡುನೀಲಿ ಹೋಗಿ ಆಕಾಶನೀಲಿ ಬಂದದ್ದು.

ಆದ್ದರಿಂದ ಮೊದಲು ಒಂದು ತಂಡ ಸೇರಿ. ಹೊಸಬರಿಗೆ ಎರವಲು ಉಡುಪು ಇಟ್ಟಿರುವ ತಂಡಗಳು ಬಹಳ. ಒಂದೆರಡು ಪ್ರದರ್ಶನಗಳನ್ನು ಅದರಲ್ಲೇ ಕಳೆಯಿರಿ. ತಂಡದ ಹಿರಿಯರು ಒಪ್ಪದ ಯಾವುದನ್ನೂ ಕೊಳ್ಳಬೇಡಿ.

ಕೊಳ್ಳುವ ಕ್ರಮ

ಬಂದೂಕಿನಿಂದ ಶುರು ಮಾಡಬೇಡಿ, ಪಾದದಿಂದ ಶುರು ಮಾಡಿ. ಆ ಕಾಲದ ಸೈನಿಕರ ಬ್ರೋಗನ್ ಬೂಟು ಕಪ್ಪು ಬಣ್ಣದ್ದು, ಮೂತಿ ಚೌಕ, ತೊಗಲಿನ ಒರಟು ಮೈ ಹೊರಗೆ. ಅಟ್ಟೆಯನ್ನು ಹೊಲಿದಿರುತ್ತಾರೆ ಇಲ್ಲವೇ ಮರದ ಮೊಳೆ ಹೊಡೆದಿರುತ್ತಾರೆ. ದಪ್ಪ ಉಣ್ಣೆ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಆಮೇಲೆ ಪ್ಯಾಂಟು, ಅಂಗಿ, ಕೋಟು, ಟೋಪಿ. ಸೊಂಟಪಟ್ಟಿ, ತೋಟಾಪೆಟ್ಟಿಗೆ, ನೀರಿನ ಕ್ಯಾಂಟೀನು ನಂತರ. ಬಂದೂಕು ಕಟ್ಟಕಡೆಗೆ.

ಬಟ್ಟೆಯ ಪರೀಕ್ಷೆ

ಸಾಮಾನ್ಯ ಸಿಪಾಯಿಯ ದಿನಬಳಕೆಯ ಉಡುಪೆಂದರೆ ನಾಲ್ಕು ಗುಂಡಿಯ ‘ಸ್ಯಾಕ್ ಕೋಟು’. ಕಡುನೀಲಿ ಉಣ್ಣೆ ಫ್ಲ್ಯಾನೆಲ್, ಎದೆಯ ಮೇಲೆ ಹಿತ್ತಾಳೆಯ ಗರುಡ ಗುಂಡಿಗಳು, ಒಳಗೆ ಎಡಕ್ಕೊಂದು ಜೇಬು. ಅಗ್ಗದ ಕೋಟುಗಳಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ. ಹೊಲಿಗೆಯಂಚಿನ ಒಳಗಿನಿಂದ ಒಂದೆಳೆ ಕಿತ್ತು ಚಿಮಟದಲ್ಲಿ ಹಿಡಿದು, ಕೆಳಗೆ ತಟ್ಟೆ ಇಟ್ಟು, ಬೆಂಕಿ ತಾಗಿಸಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೆಂಕಿ ತೆಗೆದೊಡನೆ ತಾನೇ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಈ ಪರೀಕ್ಷೆಯನ್ನು ಬಿಡಬೇಡಿ. ಶಿಬಿರದ ಒಲೆಯ ಕಿಡಿ, ಕರಿಮದ್ದಿನ ಕಿಡಿ ಮೈಮೇಲೆ ಬೀಳುವ ಆಟವಿದು; ಕರಗಿದ ನೂಲು ಚರ್ಮಕ್ಕೇ ಅಂಟಿಕೊಳ್ಳುತ್ತದೆ.

ಬಣ್ಣದ ಮೇಲೂ ಕಣ್ಣಿರಲಿ. ಅಂದಿನ ಸೇನೆಯ ಕಡುನೀಲಿ ಇಂಡಿಗೊ ನೀಲಿ. ಅದು ಮಾಸಿದರೂ ನೀಲಿಯಾಗಿಯೇ ಮಾಸುತ್ತದೆ. ಕಳಪೆ ಬಣ್ಣದ ಕೋಟು ಬಿಸಿಲಿಗೆ ನೇರಳೆಗೆ ತಿರುಗಿಬಿಡುತ್ತದೆ.

ಕಾಜಾ ನೋಡಿ, ಕೋಟು ಅಳೆಯಿರಿ

ಕೋಟು ಕೈಗೆ ಬಂದೊಡನೆ ನಾನು ಮೊದಲು ನೋಡುವುದು ಕಾಜಾ. ಕೈಯಲ್ಲಿ ಹೆಣೆದ ಕಾಜಾದ ಗಂಟುಗಳು ಅಂಚಿನುದ್ದಕ್ಕೂ ಒತ್ತಾಗಿ ಕೂತಿರುತ್ತವೆ, ಆದರೂ ಒಂದರಂತೆ ಇನ್ನೊಂದಿರುವುದಿಲ್ಲ. ಮೆಷಿನ್ನಿನ ಜಿಗ್‌ಜಾಗ್ ಕಾಜಾ, ಒಳಗೆ ಓವರ್‌ಲಾಕ್ ಅಂಚು ಕಂಡರೆ ಆ ಕೋಟನ್ನು ವಾಪಸು ಮಾಡಿ. ಹಾಗೆಂದು ಮೆಷಿನ್ ಹೊಲಿಗೆಯೇ ತಪ್ಪಲ್ಲ. ಎಲಿಯಾಸ್ ಹೋವ್ ತನ್ನ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1846ರಲ್ಲಿ. ಯುದ್ಧಕಾಲದ ಗುತ್ತಿಗೆದಾರರು ನೇರ ಹೊಲಿಗೆಗೆ ಯಂತ್ರ ಬಳಸಿದ್ದರು.

ಸೇನೆಗೆ ಉಡುಪು ಸಿದ್ಧಪಡಿಸುತ್ತಿದ್ದ ಫಿಲಡೆಲ್ಫಿಯಾದ ಷೂಲ್ಕಿಲ್ ಆರ್ಸೆನಲ್‌ನ ಪದ್ಧತಿ ಬೇರೆ. ಅಲ್ಲಿ ಬಟ್ಟೆ ಕತ್ತರಿಸಿ, ತುಂಡುಗಳ ಗಂಟು ಕಟ್ಟಿ ಊರಿನ ಹೆಂಗಸರಿಗೆ ಕೊಡುತ್ತಿದ್ದರು. ಅವರು ಮನೆಯಲ್ಲಿ ಕೂತು ಕೈಯಲ್ಲೇ ಹೊಲಿದು ತಂದೊಪ್ಪಿಸಬೇಕಿತ್ತು. ಅವರಲ್ಲಿ ಸೈನಿಕರ ಹೆಂಡಂದಿರು, ವಿಧವೆಯರು ಅನೇಕರಿದ್ದರು. ಷೂಲ್ಕಿಲ್ ಮಾದರಿಯ ಕೋಟು ಬಯಸುವವರು ಪೂರ್ತಿ ಕೈಹೊಲಿಗೆಯದನ್ನೇ ಕೊಳ್ಳಬೇಕು ಎಂದು ನಾನು ಪಟ್ಟುಹಿಡಿದು ಹೇಳುವುದು ಅದಕ್ಕೇ. ಆ ಹೆಂಗಸರ ದುಡಿಮೆಗೆ ಉಳಿದಿರುವ ಸಾಕ್ಷಿಯೇ ಆ ಹೊಲಿಗೆ. ದುಬಾರಿ ಎನ್ನಿಸಿದರೆ ಕತ್ತರಿಸಿದ ತುಂಡುಗಳ ಕಿಟ್ ತರಿಸಿ ನೀವೇ ಹೊಲಿಯಬಹುದು.

ಅಳತೆಯಲ್ಲಿ ಇಂದಿನ ರೂಢಿ ಮರೆಯಿರಿ. ಸ್ಯಾಕ್ ಕೋಟು ಸಿಗುತ್ತಿದ್ದದ್ದೇ ನಾಲ್ಕು ಅಳತೆಗಳಲ್ಲಿ: ಎದೆ 36, 38, 40, 42 ಇಂಚು. ಸ್ವಲ್ಪ ಜೋಲಾಗಿ ನಿಂತರೆ ಚಿಂತೆಯಿಲ್ಲ, ಮೈಗೊತ್ತಿ ಕೂರಬಾರದು. ಪ್ಯಾಂಟು ಹೊಕ್ಕುಳ ಮಟ್ಟದಲ್ಲಿ ನಿಲ್ಲಬೇಕು. ಅದಕ್ಕೆ ಬೆಲ್ಟ್ ಲೂಪ್ ಇಲ್ಲ, ಸಸ್ಪೆಂಡರ್‌ಗೆ ಗುಂಡಿಗಳಿರುತ್ತವೆ; ಹಿಂಭಾಗದ ಸೀಳನ್ನು ದಾರದಿಂದ ಬಿಗಿದುಕೊಳ್ಳಬೇಕು. ಜೀನ್ಸಿನ ಸೊಂಟದಳತೆ ಕೊಟ್ಟು ತರಿಸಿದರೆ ಮೇಲೇರುವುದೇ ಇಲ್ಲ. ಹೊಕ್ಕುಳ ಮೇಲೆ ಟೇಪು ಹಿಡಿದು ಅಳೆಯಿರಿ.

ಮೈದಾನಕ್ಕೆ ಇಳಿಯುವ ಮುನ್ನ

ಕೈಗಡಿಯಾರ ಬಿಚ್ಚಿಡಿ. ಕನ್ನಡಕ ಬೇಕೇಬೇಕಾದವರು ಆ ಕಾಲದ ಮಾದರಿಯ ಫ್ರೇಮಿಗೆ ತಮ್ಮ ಗಾಜು ಕೂರಿಸಿಕೊಳ್ಳಿ. ಹೊಸ ಕೋಟನ್ನು ಹಳತಾಗಿಸಲು ಮಣ್ಣು ಉಜ್ಜುವುದು ಬೇಡ. ದಳಕ್ಕೂ ಹೊಸ ಕೋಟು ಬರುತ್ತಿತ್ತಲ್ಲ! ಜುಲೈ ಬಿಸಿಲಿಗೆ ಅಸ್ತರಿಲ್ಲದ ಕೋಟು ಮೇಲು. ಸೇನೆ ಅಂಥದ್ದನ್ನೂ ಕೊಡುತ್ತಿತ್ತು. ನೀರು ಕುಡಿಯುತ್ತಲೇ ಇರಿ. ತಲೆಸುತ್ತು ಬಂದರೆ ಗುಂಡಿ ಬಿಚ್ಚಿ ನೆರಳಿಗೆ ಹೋಗಿ, ಕಾಳಗ ಮುಗಿಯಲೆಂದು ಕಾಯಬೇಡಿ. ಮನೆಗೆ ಬಂದಮೇಲೆ ಗಾಳಿಗೆ ಹರವಿ, ಒಣಗಿದ ಕೆಸರನ್ನು ಬ್ರಷ್ಷಿನಿಂದ ಕೊಡವಿ. ವಾಷಿಂಗ್ ಮೆಷಿನ್‌ಗೆ ಹಾಕಿದರೆ ಕೋಟು ಕುಗ್ಗುತ್ತದೆ.

ಕಡೆಯದಾಗಿ, ಕೋಟಿನ ಒಳಗೆ ಅಳಿಸಲಾಗದ ಶಾಯಿಯಿಂದ ತಯಾರಿಸಿದ ವರ್ಷ ಬರೆದಿಡಿ. ಮೂಲ ಕೋಟುಗಳ ತೋಳಿನ ಅಸ್ತರಿನ ಮೇಲೆ ಅಳತೆಯ, ಗುತ್ತಿಗೆದಾರರ ಮುದ್ರೆಗಳಿರುತ್ತವೆ, ಒಳ್ಳೆಯ ಪ್ರತಿಗಳಲ್ಲಿ ಅವೂ ಒತ್ತಿರುತ್ತವೆ. ಹತ್ತಾರು ವರ್ಷ ಬಳಸಿ ಸವೆದ ಮೇಲೆ ಆ ಪ್ರತಿ ಕೈಬದಲಾಗಿ ಪುರಾತನ ವಸ್ತುವೆಂದು ಮಾರಾಟವಾಗದಿರಲು ನೀವು ಬರೆದ ಆ ವರ್ಷವೊಂದೇ ತಡೆ.