ರಕ್ತರೋಗ ನಿದಾನ: ಎಣಿಕೆಯಿಂದ ಗುರುತಿನವರೆಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆಯ ಕೊಯ್ಲು ಮುಗಿದು ಬಿಸಿಲು ಏರತೊಡಗುವ ಕಾಲಕ್ಕೆ ಬರುವ ಜ್ವರವನ್ನು ಯಾರೂ ಹಗುರವಾಗಿ ಎಣಿಸುವುದಿಲ್ಲ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದಾಗ ಬೆಳಕಿಗೆ ಬಂದ ಮಂಗನ ಕಾಯಿಲೆ ಇಂದಿಗೂ ಈ ಭಾಗವನ್ನು ಬಿಟ್ಟುಹೋಗಿಲ್ಲ. 2018ರ ಕೊನೆಯಿಂದ 2019ರ ಬೇಸಗೆಯವರೆಗೆ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಲಿನ ಹಳ್ಳಿಗಳು ಅದರ ಉಗ್ರರೂಪವನ್ನು ಕಂಡವು. ಸೊಪ್ಪಿಗೋ ತರಗೆಲೆಗೋ ಬೆಟ್ಟಕ್ಕೆ ಹೋದವರಿಗೆ ಉಣುಗು ಕಚ್ಚಿದ ಕೆಲವೇ ದಿನಗಳಲ್ಲಿ ತೀವ್ರ ಜ್ವರ, ತಲೆಶೂಲೆ, ಮಾಂಸಖಂಡಗಳ ನೋವು ತಲೆದೋರುತ್ತವೆ. ಕೆಲವರಲ್ಲಿ ವಸಡು, ಮೂಗುಗಳಿಂದ ರಕ್ತ ಒಸರುತ್ತದೆ. ರಕ್ತವನ್ನು ಪರೀಕ್ಷಿಸಿದರೆ ಬಿಳಿಕಣಗಳೂ, ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುಬಿಲ್ಲೆಗಳೂ, ಅಂದರೆ ಪ್ಲೇಟ್‌ಲೆಟ್‌ಗಳೂ, ಕುಸಿದಿರುವುದು ಸಾಮಾನ್ಯ.

ಆದರೆ ಇದೇ ಕುಸಿತ ಡೆಂಗಿ ಜ್ವರದಲ್ಲಿಯೂ ಉಂಟು. ಅಸ್ಥಿಮಜ್ಜೆಯಲ್ಲಿ ಹುಟ್ಟುವ ರಕ್ತದ ಕ್ಯಾನ್ಸರಿನಲ್ಲಿಯೂ ಉಂಟು. ಪ್ಲೇಟ್‌ಲೆಟ್ ಇಳಿದಿದೆ ಎಂಬ ಮಾತು ಈಗ ಮನೆಮಾತಾಗಿದೆಯಾದರೂ ಅದು ರೋಗದ ಕುರುಹೇ ಹೊರತು ರೋಗದ ಹೆಸರಲ್ಲ. ಮಂಗನ ಕಾಯಿಲೆಯನ್ನು ಖಚಿತಪಡಿಸಲು ಮೊದಲ ದಿನಗಳಲ್ಲಿ ಪಿಸಿಆರ್ ವಿಧಾನದಿಂದ ವೈರಾಣುವನ್ನೂ, ಅನಂತರ ರಕ್ತದಲ್ಲಿ ಮೂಡುವ ಪ್ರತಿಕಾಯಗಳನ್ನೂ ಅರಸಬೇಕು. ಅವೆರಡೂ ಇಲ್ಲವೆಂದಾದರೆ, ಜ್ವರ ಇಳಿದರೂ ಕಣಗಳ ಸಂಖ್ಯೆ ಏರದಿದ್ದರೆ, ವೈದ್ಯನ ಶೋಧ ಬೇರೆ ದಾರಿ ಹಿಡಿಯಬೇಕಾಗುತ್ತದೆ. ಕಾಯಿಲೆಯ ಋತುವಿನಲ್ಲಿ ಎಲ್ಲ ಜ್ವರವೂ ಮಂಗನ ಕಾಯಿಲೆಯೇ ಎಂದು ಕಾಣುವ ಅಪಾಯ ಇಲ್ಲಿಯೇ ಅಡಗಿದೆ.

ರಕ್ತಕಣಗಳನ್ನು ಯಂತ್ರದಿಂದ ಎಣಿಸುವ ವಿಧಾನಕ್ಕೆ ಅಮೆರಿಕದ ವಾಲೇಸ್ ಕೌಲ್ಟರ್ 1953ರಲ್ಲಿ ಪೇಟೆಂಟ್ ಪಡೆದನು. ಸಣ್ಣ ರಂಧ್ರದ ಮೂಲಕ ಕಣವೊಂದು ಹಾಯುವಾಗ ವಿದ್ಯುತ್ ಪ್ರವಾಹದಲ್ಲಿ ಆಗುವ ತಡೆಯೇ ಅದರ ಲೆಕ್ಕ. ಇಂದು ತಾಲ್ಲೂಕು ಕೇಂದ್ರಗಳಲ್ಲಿಯೂ ಇಂತಹ ಯಂತ್ರಗಳಿವೆ. ಯಂತ್ರವೂ ಮೋಸ ಹೋಗುವುದುಂಟು. ರಕ್ತ ಹೆಪ್ಪುಗಟ್ಟದಂತೆ ನಳಿಕೆಯಲ್ಲಿ ಹಾಕಿರುವ ಇಡಿಟಿಎ ಎಂಬ ಲವಣದಿಂದಲೇ ಕೆಲವರ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಯಂತ್ರವು ಆ ಗುಂಪನ್ನು ಕಿರುಬಿಲ್ಲೆಗಳೆಂದು ಗುರುತಿಸದೆ ಬಿಟ್ಟುಬಿಡುತ್ತದೆ. ಪ್ರತಿ ಘನ ಮಿಲಿಮೀಟರಿಗೆ ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕಾದ ಸಂಖ್ಯೆ, ರೋಗಿಗೆ ಯಾವ ಕೊರತೆಯೂ ಇಲ್ಲದಿರುವಾಗಲೇ, ಅರ್ಧಕ್ಕೂ ಕೆಳಗೆ ದಾಖಲಾಗಬಹುದು. ಗಾಜಿನ ಮೇಲೆ ಒಂದು ಹನಿ ರಕ್ತವನ್ನು ಲೇಪಿಸಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ಪದ್ಧತಿ ಈ ಸುಳ್ಳನ್ನು ಕೂಡಲೇ ಬಯಲಿಗೆಳೆಯುತ್ತದೆ. ಅದೇ ಲೇಪದಲ್ಲಿ, ಇರಬಾರದ ಎಳೆಯ ಕಣಗಳು ಕಂಡರೆ ಕ್ಯಾನ್ಸರಿನ ಶಂಕೆಯೂ ಅಲ್ಲಿಯೇ ಹುಟ್ಟುತ್ತದೆ. ಹೊಸ ಯಂತ್ರ ಬಂದಿತೆಂದು ಸೂಕ್ಷ್ಮದರ್ಶಕವನ್ನು ಮೂಲೆಗಿಡುವುದು ವಿವೇಕವಲ್ಲ.

ಎಳೆಯ ಕಣ ಕಂಡಿತು. ಅದು ಯಾವ ವಂಶದ ಕಣ? ಕಣ್ಣಿಗೆ ಒಂದೇ ಬಗೆಯಾಗಿ ಕಾಣುವ ಕಣಗಳಲ್ಲಿ ಭೇದವೆಣಿಸುವುದು ಫ್ಲೋ ಸೈಟೋಮೆಟ್ರಿಯ ಕೆಲಸ. ಮಂಡಿಯಲ್ಲಿ ಅಡಿಕೆಯ ಚೀಲವನ್ನು ತೂಗುವುದು ಬೇರೆ, ಅದನ್ನು ಸುರಿದು ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸುವುದು ಬೇರೆ. ಎಣಿಕೆಗೂ ಈ ವಿಧಾನಕ್ಕೂ ಇರುವ ಅಂತರ ಅಂತಹುದು. ಕಣದ ಮೈಮೇಲಿನ ಪ್ರೋಟೀನುಗಳಿಗೆ ಸಿಡಿ 3, ಸಿಡಿ 19, ಸಿಡಿ 33 ಎಂಬಂತೆ ಅಂಕಿಗಳ ಹೆಸರಿದೆ. ಒಂದೊಂದು ಪ್ರೋಟೀನಿಗೂ ತಕ್ಕ ಪ್ರತಿಕಾಯವನ್ನು ಹೊಳೆಯುವ ಬಣ್ಣದೊಡನೆ ಬೆಸೆದು ರಕ್ತಕ್ಕೆ ಸೇರಿಸುತ್ತಾರೆ. ಕಣಗಳು ತೆಳುವಾದ ದ್ರವಧಾರೆಯಲ್ಲಿ ಒಂದರ ಹಿಂದೊಂದು ಸಾಲುಗಟ್ಟಿ, ಸೆಕೆಂಡಿಗೆ ಸಾವಿರಾರು, ಲೇಸರ್ ಕಿರಣವನ್ನು ಹಾಯುತ್ತವೆ. ಮುಂದಕ್ಕೆ ಚೆದುರಿದ ಬೆಳಕು ಕಣದ ಗಾತ್ರವನ್ನೂ, ಪಕ್ಕಕ್ಕೆ ಚೆದುರಿದ್ದು ಒಳಗಿನ ಹರಳುಗಳನ್ನೂ, ಬಣ್ಣದ ಹೊಳಪು ಮೇಲ್ಮೈಯ ಗುರುತನ್ನೂ ತಿಳಿಸುತ್ತವೆ. ಕೋಹ್ಲರ್ ಮತ್ತು ಮಿಲ್‌ಸ್ಟೈನರು 1975ರಲ್ಲಿ ಏಕರೂಪದ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ಬಗೆಯನ್ನು ಕಂಡುಹಿಡಿಯದಿದ್ದರೆ ಇದು ಆಸ್ಪತ್ರೆಯ ವಿದ್ಯೆಯಾಗುತ್ತಿರಲಿಲ್ಲ. 1984ರ ನೊಬೆಲ್ ಪುರಸ್ಕಾರದಲ್ಲಿ ಅವರಿಬ್ಬರಿಗೂ ಪಾಲು ದೊರೆಯಿತು.

ಸಿಡಿ 19 ಮತ್ತು ಅದರ ಜೊತೆಯ ಗುರುತುಗಳಿದ್ದರೆ ಬಿ ಲಿಂಫೋಸೈಟಿನ ವಂಶ. ಸಿಡಿ 13, ಸಿಡಿ 33 ಪ್ರಧಾನವಾಗಿದ್ದರೆ ಮೈಲಾಯ್ಡ್ ವಂಶ. ಈ ಎರಡರ ಚಿಕಿತ್ಸೆ ಒಂದೇ ಅಲ್ಲ. ಮೈಲಾಯ್ಡ್ ಬಗೆಯಲ್ಲಿಯೇ ಪ್ರೋಮೈಲೋಸೈಟಿಕ್ ಎಂಬುದೊಂದಿದ್ದು, ಅದು ಮೊದಲ ದಿನಗಳಲ್ಲಿಯೇ ರಕ್ತಸ್ರಾವದಿಂದ ಪ್ರಾಣ ತೆಗೆಯಬಲ್ಲದು. ಉಣುಗಿನ ಜ್ವರವೆಂದು ಅದನ್ನು ಒಂದು ವಾರ ನೋಡುತ್ತ ಕುಳಿತರೆ ರೋಗಿ ಉಳಿಯದಿರಬಹುದು. ಶಂಕೆ ಬಂದೊಡನೆ, ಪೂರ್ಣ ಫಲಿತಾಂಶಕ್ಕೆ ಕಾಯದೆ, ಎ ಜೀವಸತ್ವದ ಸಂಬಂಧಿಯಾದ ಔಷಧವನ್ನು ಆರಂಭಿಸುವುದು ವಾಡಿಕೆ. ಸಕಾಲದಲ್ಲಿ ಗುರುತಿಸಿದರೆ ಬಹುಪಾಲು ರೋಗಿಗಳು ಗುಣವಾಗುವ ಕಾಯಿಲೆಯೂ ಇದೇ.

ಫ್ಲೋ ಸೈಟೋಮೆಟ್ರಿಯಿಂದ ಮಂಗನ ಕಾಯಿಲೆಯ ವೈರಾಣುವನ್ನು ಪತ್ತೆಹಚ್ಚುವುದಿಲ್ಲ. ಅದಕ್ಕೆ ಬೇರೆಯೇ ಪರೀಕ್ಷೆಗಳುಂಟು. ಕ್ಯಾನ್ಸರಿನ ಶಂಕೆಯಿದ್ದಾಗ ಈ ಮೂರು ತಾಲ್ಲೂಕುಗಳಿಂದ ರಕ್ತ ಅಥವಾ ಮಜ್ಜೆಯ ಮಾದರಿ ಮಣಿಪಾಲ, ಬೆಂಗಳೂರಿನಂತಹ ಕಡೆಗಳ ದೊಡ್ಡ ಪ್ರಯೋಗಾಲಯಗಳನ್ನು ಸೇರಬೇಕು. ಕಣಗಳು ಜೀವಂತವಾಗಿರಬೇಕಾದುದರಿಂದ 24ರಿಂದ 48 ಗಂಟೆಗಳೊಳಗೆ ತಲಪುವುದು ಅಗತ್ಯ. ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿದರೆ ಕಣಗಳು ಒಡೆದುಹೋಗುತ್ತವೆ. ಬಿಸಿಲಿಗೆ ಕಾದರೂ ಕೆಡುತ್ತವೆ. ಘಟ್ಟ ಇಳಿಯುವ ದಾರಿ ಮಳೆಗಾಲದಲ್ಲಿ ತಡವಾಗುವುದರಿಂದ, ಮಾದರಿಯನ್ನು ಬೆಳಗ್ಗೆಯೇ ತೆಗೆದು, ನಳಿಕೆಯ ಮೇಲೆ ತೆಗೆದ ವೇಳೆಯನ್ನು ಬರೆದು, ರಕ್ತಲೇಪವೊಂದನ್ನೂ ಜೊತೆಗಿಟ್ಟು ಕಳುಹಿಸುವುದು ಒಳ್ಳೆಯದು.