ನಾಯಿಮರಿಯ ಕಾವಲು ಗುಣ: ತೋಟದ ಮನೆಯವರು ತಿಳಿದಿರಬೇಕಾದ ಅಂಶಗಳು



ಅಂಕೋಲೆಯ ಅಚವೆ, ಹಿಲ್ಲೂರು ಕಡೆಯಿರಲಿ, ಕಾರವಾರದ ಕದ್ರಾ, ದೇವಳಮಕ್ಕಿ ಕಡೆಯಿರಲಿ, ನಮ್ಮ ತೋಟದ ಮನೆಗಳು ಒಂದಕ್ಕೊಂದು ದೂರ. ಅಂಗಳದಲ್ಲಿ ಚಾಲಿ ಅಡಿಕೆ ಒಣಗುವ ದಿನಗಳಲ್ಲಿ ನಾಯಿ ಬೇಕೇ ಬೇಕು. ಆದರೂ ಅಡಿಕೆ ಸಸಿಗೆ ಕೊಡುವಷ್ಟು ಗಮನವನ್ನು ನಾವು ನಾಯಿಮರಿಗೆ ಕೊಡುವುದಿಲ್ಲ.

ಮೂರು ನಾಲ್ಕು ತಿಂಗಳ ಮರಿ ಹೊಸಬರನ್ನು ಕಂಡು ಬೊಗಳಿದರೆ, ಈಗಲೇ ಮನೆ ಕಾಯುತ್ತದೆ ಎಂದು ನಾವು ಹಿಗ್ಗುತ್ತೇವೆ. ಆಗ ಅದರ ಮೈಯನ್ನು ಗಮನಿಸಬೇಕು. ಬೊಗಳುತ್ತಲೇ ಹಿಂದೆ ಸರಿಯುತ್ತಿದ್ದರೆ, ಬಾಲವನ್ನು ಕಾಲಸಂದಿಗೆ ಸೇರಿಸಿದ್ದರೆ ಅದು ಭಯವೇ ಹೊರತು ಧೈರ್ಯವಲ್ಲ. ಮನೆಯನ್ನು ತನ್ನದೆಂದು ತಿಳಿದು ಗಟ್ಟಿಯಾಗಿ ನಿಲ್ಲುವ ಗುಣ ಸಾಮಾನ್ಯವಾಗಿ ಬಲಿಯುವುದು ಒಂದರಿಂದ ಎರಡು ವರ್ಷದ ಪ್ರಾಯದಲ್ಲಿ.

ಆದರೆ ಯಾರು ನಮ್ಮವರು ಎಂಬ ಪಾಠ ಬಹಳ ಮೊದಲೇ ಆಗುತ್ತದೆ. ಅಮೆರಿಕೆಯ ಜಾಕ್ಸನ್ ಪ್ರಯೋಗಾಲಯದಲ್ಲಿ ಅನೇಕ ವರ್ಷ ನಾಯಿಗಳನ್ನು ಅಭ್ಯಸಿಸಿದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು 1965ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಸುಮಾರು 3ರಿಂದ 12 ವಾರಗಳ ಅವಧಿಯೇ ಮರಿಗೆ ಮನುಷ್ಯರ ಒಡನಾಟ ಬೆಳೆಯುವ ಕಾಲ. ಈ ಅವಧಿಯಲ್ಲಿ ಮನೆಯವರನ್ನು ಮಾತ್ರ ಕಂಡ ಮರಿಗೆ ಮುಂದೆ ಉಳಿದವರೆಲ್ಲ ಕಳ್ಳರಾಗಿ ಕಾಣಬಹುದು. ಕೊನೆಗೌಡನಿಗೆ ನಾಯಿ ಕಚ್ಚಿದರೆ ಆತ ಮರುವರ್ಷ ನಮ್ಮ ತೋಟಕ್ಕೆ ಬರಲು ಹಿಂಜರಿಯುವುದು ಸಹಜ. ಕೊಯ್ಲು ತಪ್ಪಿದರೆ ಆಗುವ ನಷ್ಟ ಎಲ್ಲರಿಗೂ ಗೊತ್ತಿದೆ.

ಆದ್ದರಿಂದ ನಾವು ಪಾಲಿಸಬೇಕಾದ ಕ್ರಮಗಳು:

1. ಮರಿಯನ್ನು ತಾಯಿಯಿಂದ ಎಂಟು ವಾರಕ್ಕೆ ಮೊದಲು ಬೇರ್ಪಡಿಸಬಾರದು.

2. ಕೊನೆಗೌಡ, ಕೂಲಿಯ ಹೆಂಗಸರು, ಅಂಚೆಯವರು, ನೆರೆಮನೆಯ ಮಕ್ಕಳು, ಕೊಡೆ ಹಿಡಿದು ಬರುವವರು, ಇವರೆಲ್ಲರ ಪರಿಚಯವನ್ನು ಅಂಗಳದಲ್ಲಿಯೇ ಮಾಡಿಸಬೇಕು. ಅವರ ಕೈಯಿಂದ ಒಂದು ತುತ್ತು ಹಾಕಿಸಿದರೆ ಇನ್ನೂ ಒಳ್ಳೆಯದು.

3. ತಮಾಷೆಗೆಂದು ಛೂ ಬಿಡಬಾರದು. ಬೊಗಳಿದ್ದಕ್ಕೆ ಹೊಡೆಯಲೂಬಾರದು. ಹತ್ತಿರ ಕರೆದು ಸಮಾಧಾನಪಡಿಸಬೇಕು.

4. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿಡಬಾರದು. ಹಾಗೆ ಬೆಳೆದ ನಾಯಿ ಕಚ್ಚುವ ಸಂಭವ ಹೆಚ್ಚು.

5. ರಾತ್ರಿ ಮರಿಯನ್ನು ಹೊರಗೆ ಕಟ್ಟಬಾರದು. ಕಾಡಂಚಿನ ಮನೆಗಳಲ್ಲಿ ಚಿರತೆ ಮೊದಲು ಹುಡುಕುವುದು ನಾಯಿಯನ್ನೇ. ಬಾಗಿಲಿರುವ ಕೊಟ್ಟಿಗೆಯಲ್ಲಿ ಕೂಡಿದರೂ ಅದರ ಕಿವಿ ಕೆಲಸ ಮಾಡುತ್ತಲೇ ಇರುತ್ತದೆ.

6. ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದಂತೆ ಮರುಲಸಿಕೆ ಕೊಡಿಸಬೇಕು.

ನಾಯಿ, ಅದು ಮರಿಯೇ ಆಗಿರಲಿ, ಯಾರನ್ನಾದರೂ ಕಚ್ಚಿದರೆ ಗಾಯಕ್ಕೆ ಸುಣ್ಣ, ಅರಿಸಿನ ಹಚ್ಚುತ್ತ ಹೊತ್ತು ಕಳೆಯಬಾರದು. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿಯಿಲ್ಲ.

ಬೊಗಳುವುದನ್ನು ನಾಯಿಗೆ ಯಾರೂ ಕಲಿಸಬೇಕಾಗಿಲ್ಲ. ಯಾರಿಗೆ ಬೊಗಳಬಾರದು ಎಂಬುದನ್ನು ಕಲಿಸುವ ಹೊಣೆ ನಮ್ಮದು. ಈ ಸಲ ಮರಿ ತರುವ ಸದಸ್ಯರು ಇದನ್ನು ಗಮನದಲ್ಲಿಡಬೇಕೆಂದು ವಿನಂತಿ.