ಪರಿವೀಕ್ಷಣಾಧಿಕಾರಿ: ಕರ್ತವ್ಯಗಳು ಮತ್ತು ಅರ್ಹತೆಗಳು

ಪೀಠಿಕೆ

ಅಪರಾಧವೆಸಗಿದ ವ್ಯಕ್ತಿಯನ್ನು ಸಮಾಜವು ಹೇಗೆ ನಡೆಯಿಸಿಕೊಳ್ಳಬೇಕೆಂಬುದು ಪುರಾತನವಾದ ಪ್ರಶ್ನೆ. ಶರಣ ಪರಂಪರೆಯು ಇದಕ್ಕೆ ಹನ್ನೆರಡನೆಯ ಶತಮಾನದಲ್ಲಿಯೇ ತನ್ನದಾದ ಉತ್ತರವನ್ನು ಕೊಟ್ಟಿದೆ. ಕನ್ನ ಕೊರೆಯುವುದೇ ಕಾಯಕವಾಗಿತ್ತೆಂದು ಹೆಸರಿನಿಂದಲೇ ತಿಳಿದುಬರುವ ಕನ್ನದ ಮಾರಿತಂದೆಯು ವಚನಕಾರರ ಸಾಲಿನಲ್ಲಿ ಸ್ಥಾನ ಪಡೆದನು. ಕಳ್ಳನಾಗಿದ್ದ ಪೆದ್ದಣ್ಣನು ಉರಿಲಿಂಗದೇವರ ಶಿಷ್ಯನಾಗಿ, ಉರಿಲಿಂಗಪೆದ್ದಿಯೆನಿಸಿ, ಕೊನೆಗೆ ಗುರುವಿನ ಮಠಕ್ಕೆ ಅಧಿಪತಿಯೂ ಆದನೆಂದು ಪರಂಪರೆ ಹೇಳುತ್ತದೆ. ಈ ಪ್ರಸಂಗಗಳಲ್ಲಿ ಕಳವನ್ನು ಯಾರೂ ಸರಿಯೆನ್ನಲಿಲ್ಲ; ಆದರೆ ಕದ್ದವನು ಮರಳಿ ಬರುವ ದಾರಿಯನ್ನು ಯಾರೂ ಮುಚ್ಚಲಿಲ್ಲ.

ಇಂದಿನ ನ್ಯಾಯವ್ಯವಸ್ಥೆಯಲ್ಲಿ ಆ ದಾರಿಯನ್ನು ತೆರೆದಿಡುವ ಹೊಣೆಯನ್ನು ಹೊತ್ತವನೇ ಪರಿವೀಕ್ಷಣಾಧಿಕಾರಿ. ಜನರ ಮಾತಿನಲ್ಲಿ ಆತನು ‘ಪ್ರೊಬೇಷನ್ ಆಫೀಸರ್’. ಪೊಲೀಸ್ ಅಧಿಕಾರಿಯನ್ನೂ ವಕೀಲರನ್ನೂ ಬಲ್ಲ ನಮ್ಮ ಸೀಮೆಯ ಜನರಿಗೆ ಈ ಅಧಿಕಾರಿಯ ಪರಿಚಯ ಅತ್ಯಲ್ಪ. ನಮ್ಮ ಶಾಲೆಗಳಲ್ಲಿ ಕಲಿತವರೆಲ್ಲರ ಹೆಸರೂ ಸಾಧಕರ ಪಟ್ಟಿಯಲ್ಲಿ ಸೇರುವುದಿಲ್ಲ. ಒಬ್ಬಿಬ್ಬರಾದರೂ ಕಾಲು ಜಾರಿ ಕಟಕಟೆಯಲ್ಲಿ ನಿಲ್ಲುತ್ತಾರೆ. ಅಂಥವರನ್ನೂ ಸ್ಮರಣೆಯಲ್ಲಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ವಿವೇಚಿಸಲಾಗಿದೆ.

ಇತಿಹಾಸ

ಪರಿವೀಕ್ಷಣ ಪದ್ಧತಿಯ ಮೂಲಪುರುಷನು ನ್ಯಾಯಾಧೀಶನಲ್ಲ, ಪಂಡಿತನೂ ಅಲ್ಲ. ಆತನು ಅಮೇರಿಕೆಯ ಬಾಸ್ಟನ್ ನಗರದ ಪಾದರಕ್ಷೆ ತಯಾರಕ ಜಾನ್ ಆಗಸ್ಟಸ್. 1841ರಲ್ಲಿ ಆತನು ನ್ಯಾಯಾಲಯದಲ್ಲಿದ್ದಾಗ, ಕುಡಿತದ ಅಪರಾಧಕ್ಕಾಗಿ ತಂದು ನಿಲ್ಲಿಸಿದ ಒಬ್ಬನಿಗೆ ತಾನೇ ಜಾಮೀನಾದನು. ಮೂರು ವಾರಗಳ ನಂತರ ಮರಳಿ ಬಂದ ಆ ಮನುಷ್ಯನ ಚಹರೆಯೇ ಬದಲಾಗಿತ್ತು. ನ್ಯಾಯಾಲಯವು ಸೆರೆವಾಸದ ಬದಲು ಒಂದು ಸೆಂಟ್ ದಂಡವನ್ನೂ ಖರ್ಚನ್ನೂ ವಿಧಿಸಿ ಅವನನ್ನು ಬಿಟ್ಟಿತು. 1859ರಲ್ಲಿ ತೀರಿಕೊಳ್ಳುವವರೆಗೆ ಆಗಸ್ಟಸ್ ಸುಮಾರು ಎರಡು ಸಾವಿರ ಜನರಿಗೆ ಹೀಗೆ ಆಸರೆಯಾದನು. 1878ರಲ್ಲಿ ಆ ಪ್ರಾಂತದ ಶಾಸನಸಭೆಯು ಈ ಕಾರ್ಯಕ್ಕೆ ಕಾಯಿದೆಯ ರೂಪ ಕೊಟ್ಟಿತು. ಚಪ್ಪಲಿ ಕಾಯಕಕ್ಕೆ ಹೆಸರಾದ ಅಥಣಿ, ನಿಪ್ಪಾಣಿಗಳ ಜನರಿಗೆ, ಹರಳಯ್ಯನವರನ್ನು ನೆನೆಯುವ ಶರಣಬಂಧುಗಳಿಗೆ, ಈ ಸಂಗತಿ ವಿಶೇಷವಾಗಿ ಆಪ್ತವೆನಿಸೀತು.

ನಮ್ಮ ದೇಶದಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯ 562ನೆಯ ಕಲಮಿನಲ್ಲಿ ಈ ತತ್ತ್ವದ ಬೀಜವಿತ್ತು. ಬೆಳಗಾವಿ ಜಿಲ್ಲೆಯು ಅಂದು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1938ರಲ್ಲಿಯೇ ಪ್ರತ್ಯೇಕ ಕಾಯಿದೆಯಾಯಿತು. 1956ರ ನವೆಂಬರ 1ರಂದು ಜಿಲ್ಲೆಯು ಕನ್ನಡ ರಾಜ್ಯದಲ್ಲಿ ಸೇರಿತು. ಎರಡು ವರ್ಷಗಳ ತರುವಾಯ ಸಂಸತ್ತು ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮ, 1958ನ್ನು ಅಂಗೀಕರಿಸಿತು. ಇಂದಿಗೂ ಈ ಕಾರ್ಯಕ್ಕೆ ಅದೇ ಆಧಾರ.

ಅಧಿನಿಯಮದ ಸ್ವರೂಪ

ಕಳವು, ವಂಚನೆ ಮೊದಲಾದ ನಿರ್ದಿಷ್ಟ ಅಪರಾಧಗಳಲ್ಲಿ, ಅಥವಾ ಎರಡು ವರ್ಷಗಳಿಗೆ ಮೀರದ ಶಿಕ್ಷೆಯ ಅಪರಾಧಗಳಲ್ಲಿ, ಮೊದಲ ಬಾರಿಗೆ ತಪ್ಪಿತಸ್ಥನೆಂದು ಕಂಡುಬಂದವನನ್ನು ನ್ಯಾಯಾಲಯವು ಬುದ್ಧಿಹೇಳಿ ಎಚ್ಚರಿಸಿ ಬಿಡಬಹುದೆಂದು 3ನೆಯ ಕಲಮು ಹೇಳುತ್ತದೆ. 4ನೆಯ ಕಲಮಿನ ವ್ಯಾಪ್ತಿ ಇನ್ನೂ ವಿಶಾಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧಗಳಲ್ಲಿ, ಸನ್ನಿವೇಶ, ಅಪರಾಧದ ಸ್ವರೂಪ ಮತ್ತು ಅಪರಾಧಿಯ ಶೀಲವನ್ನು ನೋಡಿ, ಮೂರು ವರ್ಷಗಳಿಗೆ ಮೀರದ ಅವಧಿಗೆ ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಬಹುದು. ಜೊತೆಗೆ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಗೂ ಒಪ್ಪಿಸಬಹುದು. ಎಲ್ಲಿ ವಾಸಿಸಬೇಕು, ಮಾದಕ ವಸ್ತುಗಳಿಂದ ದೂರವಿರಬೇಕು ಎಂಬಂಥ ಷರತ್ತುಗಳನ್ನು ಹಾಕಬಹುದು.

ಇಪ್ಪತ್ತೊಂದು ವರ್ಷ ತುಂಬದವರ ವಿಷಯದಲ್ಲಿ 6ನೆಯ ಕಲಮು ಬಲವಾದ ರಕ್ಷಣೆ ಕೊಡುತ್ತದೆ. ಅಂಥವರನ್ನು ಸೆರೆಮನೆಗೆ ಕಳುಹಿಸುವ ಮೊದಲು ನ್ಯಾಯಾಲಯವು ಪರಿವೀಕ್ಷಣಾಧಿಕಾರಿಯ ವರದಿಯನ್ನು ತರಿಸಿಕೊಂಡು ಪರಿಶೀಲಿಸಲೇಬೇಕು. ಸೆರೆವಾಸವೇ ಸೂಕ್ತವೆನಿಸಿದರೆ ಕಾರಣಗಳನ್ನು ಬರೆದಿಡಬೇಕು. ತಪ್ಪು ಮಾಡಿದ ಹೊಸ ಪೈರು ನುರಿತ ಅಪರಾಧಿಗಳ ಸಹವಾಸದಲ್ಲಿ ಕೆಡಬಾರದೆಂಬುದೇ ಇದರ ಆಶಯವೆಂದು ಸರ್ವೋಚ್ಚ ನ್ಯಾಯಾಲಯವು 1972ರ ದೌಲತ್ ರಾಮ್ ಪ್ರಕರಣದಲ್ಲಿ ವಿವರಿಸಿತು. ಹದಿನೆಂಟು ತುಂಬದ ಮಕ್ಕಳಿಗೆ 2015ರ ಬಾಲನ್ಯಾಯ ಕಾಯಿದೆಯ ಬೇರೆ ಮಾರ್ಗವಿದೆ. ಪ್ರಸ್ತುತ ಲೇಖನವು ವಯಸ್ಕರಿಗೆ ಸೀಮಿತ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ತನ್ನ 401 ಮತ್ತು 402ನೆಯ ಕಲಮುಗಳಲ್ಲಿ ಇದೇ ತತ್ತ್ವವನ್ನು ಉಳಿಸಿಕೊಂಡಿದೆ.

ಅಧಿಕಾರಿಯ ಕರ್ತವ್ಯಗಳು

14ನೆಯ ಕಲಮು ಕರ್ತವ್ಯಗಳನ್ನು ಎಣಿಸಿ ಹೇಳಿದೆ. ಅವುಗಳನ್ನು ಮೂರಾಗಿ ವಿಂಗಡಿಸಿ ನೋಡುವುದು ಅನುಕೂಲ.

1. ವಿಚಾರಣೆ ಮತ್ತು ವರದಿ: ನ್ಯಾಯಾಲಯದ ನಿರ್ದೇಶನದಂತೆ ಆಪಾದಿತನ ಪರಿಸ್ಥಿತಿಯನ್ನೂ ಮನೆಯ ವಾತಾವರಣವನ್ನೂ ವಿಚಾರಿಸಿ ವರದಿ ಸಲ್ಲಿಸುವುದು ಮೊದಲ ಕರ್ತವ್ಯ. ಇದನ್ನೊಂದು ಕಲ್ಪಿತ ಉದಾಹರಣೆಯಿಂದ ತಿಳಿಯೋಣ. ನಿಪ್ಪಾಣಿಯ ತಂಬಾಕಿನ ವಖಾರಿಯೊಂದರಲ್ಲಿ ಕೂಲಿ ಮಾಡುವ ಇಪ್ಪತ್ತು ವರ್ಷದ ತರುಣನು ಮಾಲೀಕನ ಹಣ ಕದ್ದನೆಂದು ಸಿದ್ಧವಾಗಿದೆಯೆನ್ನೋಣ. ಕಡತದಲ್ಲಿ ಇರುವುದು ಕಳವು ಮಾತ್ರ. ತಂದೆ ಇದ್ದಾನೆಯೇ, ಮನೆಯಲ್ಲಿ ಬೀಡಿ ಕಟ್ಟಿ ಸಂಸಾರ ಸಾಗಿಸುವವರು ಯಾರು, ಸಾಲವೆಷ್ಟು, ಜೊತೆಗಾರರು ಎಂಥವರು, ಹಣ ಔಷಧಕ್ಕೆ ಹೋಯಿತೋ ಮಟಕಾ ಜೂಜಿಗೆ ಹೋಯಿತೋ ಎಂಬುದನ್ನು ಕಡತ ಹೇಳದು. ಅಧಿಕಾರಿಯು ಆ ಓಣಿಗೆ ಹೋಗಿ ತಾಯಿಯೊಡನೆ, ನೆರೆಹೊರೆಯವರೊಡನೆ, ಮಾಲೀಕನೊಡನೆ ಮಾತನಾಡಬೇಕು. ಶಾಲೆಯ ಜನರಲ್ ರಜಿಸ್ಟರನ್ನು ನೋಡಬೇಕು. ಕಲಿಸಿದ ಗುರುಗಳನ್ನು ಕಾಣಬೇಕು. ಪ್ರತಿಕೂಲವಾದ ಸಂಗತಿಯನ್ನು ಮುಚ್ಚಿಡುವಂತಿಲ್ಲ; ಕೇಳಿದ ಮಾತನ್ನು ಕಂಡದ್ದೆಂದು ಬರೆಯುವಂತಿಲ್ಲ. ಈ ವರದಿಯು 7ನೆಯ ಕಲಮಿನ ಪ್ರಕಾರ ಗೋಪ್ಯ. ನ್ಯಾಯಾಲಯಕ್ಕೆ ಸರಿತೋರಿದರೆ ಅದರ ಸಾರಾಂಶವನ್ನು ಅಪರಾಧಿಗೆ ತಿಳಿಸಿ, ಉತ್ತರಿಸಲು ಅವಕಾಶ ಕೊಡಬಹುದು.

2. ಮೇಲ್ವಿಚಾರಣೆ: ಬಿಡುಗಡೆಯಾದವನನ್ನು ಆಗಾಗ ಕಾಣುವುದು, ಷರತ್ತುಗಳನ್ನು ಅವನ ಭಾಷೆಯಲ್ಲಿ ತಿಳಿಯಹೇಳುವುದು, ಅಗತ್ಯವಿದ್ದಲ್ಲಿ ಯೋಗ್ಯ ಉದ್ಯೋಗ ದೊರಕಿಸಲು ಯತ್ನಿಸುವುದು ಎರಡನೆಯ ಕರ್ತವ್ಯ. ಷರತ್ತು ಮೀರಿದರೆ 9ನೆಯ ಕಲಮಿನಂತೆ ನ್ಯಾಯಾಲಯವು ಅವನನ್ನು ಕರೆಸಿ ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು. ಮೊದಲ ಸಲದ ತಪ್ಪಾದರೆ ಐವತ್ತು ರೂಪಾಯಿಗೆ ಮೀರದ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಲೂಬಹುದು. ಆದುದರಿಂದ ಪರಿವೀಕ್ಷಣವೆಂದರೆ ಶಿಕ್ಷೆ ಮನ್ನಾ ಆಯಿತೆಂಬ ಭಾವನೆ ತಪ್ಪು.

3. ನೆರವು: ಹಾನಿಗೊಳಗಾದವರಿಗೆ ಪರಿಹಾರ ಕೊಡಬೇಕೆಂದು 5ನೆಯ ಕಲಮಿನಡಿ ಆದೇಶವಾಗಿದ್ದರೆ, ಅದನ್ನು ಸಲ್ಲಿಸಲು ಅಪರಾಧಿಗೆ ಸಲಹೆ, ಸಹಾಯ ನೀಡುವುದು ಮೂರನೆಯದು. ನೊಂದವನನ್ನು ಮರೆತ ಕರುಣೆಯು ಅರ್ಧ ಕರುಣೆ. ಕಾಯಿದೆಯು ಅದನ್ನು ಮರೆತಿಲ್ಲ.

ಅರ್ಹತೆಗಳು

ನೇಮಕಾತಿಯ ನಿಯಮಗಳನ್ನು ರಚಿಸುವ ಅಧಿಕಾರವನ್ನು 17ನೆಯ ಕಲಮು ರಾಜ್ಯ ಸರಕಾರಕ್ಕೆ ಕೊಟ್ಟಿದೆ. ಸಮಾಜಕಾರ್ಯ, ಸಮಾಜಶಾಸ್ತ್ರ, ಅಪರಾಧಶಾಸ್ತ್ರ, ಮನಃಶಾಸ್ತ್ರಗಳ ಅಧ್ಯಯನವು ಈ ವೃತ್ತಿಗೆ ಸಹಜವಾದ ತಳಹದಿ. ಕಾನೂನಿನ ತಿಳಿವಳಿಕೆಯೂ ಅವಶ್ಯ. ನಮ್ಮ ಪದವೀಧರ ತರುಣರು ಈ ಕ್ಷೇತ್ರದತ್ತಲೂ ದೃಷ್ಟಿ ಹರಿಸಬೇಕು.

ಆದರೆ ಪದವಿಯೊಂದೇ ಸಾಲದು. ಮೊದಲನೆಯದಾಗಿ, ಎದುರಿನವನ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ ಬೇಕು. ಎರಡನೆಯದಾಗಿ, ಜಾತಿ, ಪಕ್ಷ, ಹಣಗಳ ಒತ್ತಡಕ್ಕೆ ಬಾಗದ ನಿಷ್ಪಕ್ಷಪಾತ ಬೇಕು. ಈತನ ಒಂದು ವಾಕ್ಯ ಒಬ್ಬನ ಆಯುಷ್ಯದ ದಿಕ್ಕನ್ನು ಬದಲಿಸಬಲ್ಲದು. ಮೂರನೆಯದಾಗಿ, ಗುಟ್ಟನ್ನು ಕಾಯುವ ನಾಲಿಗೆ ಬೇಕು. ನಾಲ್ಕನೆಯದಾಗಿ, ನಮ್ಮ ಗಡಿ ಸೀಮೆಯಲ್ಲಿ ಕನ್ನಡದೊಡನೆ ಮರಾಠಿಯೂ ಬರಬೇಕು. ತಾಯಿಯೊಬ್ಬಳು ತನ್ನ ದುಃಖವನ್ನು ದುಭಾಷಿಯ ಮೂಲಕ ಹೇಳಿಕೊಳ್ಳಲಾರಳು.

ನಮ್ಮ ಸೀಮೆಯ ತೊಡಕುಗಳು

4ನೆಯ ಕಲಮಿನ ಬಿಡುಗಡೆಗೆ ಅಪರಾಧಿಗೋ ಜಾಮೀನುದಾರನಿಗೋ ಸ್ಥಿರವಾದ ವಾಸಸ್ಥಳ ಅಥವಾ ನಿಯತವಾದ ಉದ್ಯೋಗವಿರಬೇಕು. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಸೀಮೆಯಲ್ಲಿ ಇದು ಸುಲಭವಲ್ಲ. ಹಂಗಾಮಿನಲ್ಲಿ ಮುಕಾದಮನ ಹಿಂದೆ ಟೋಳಿ ಕಟ್ಟಿಕೊಂಡು ಕಬ್ಬು ಕಡಿಯಲು ಹೊರಡುವವನಿಗೆ ಆರು ತಿಂಗಳು ಗುಡಿಸಲೇ ಮನೆ. ನಿಪ್ಪಾಣಿಯ ತರುಣನು ಇಚಲಕರಂಜಿಯ ಮಗ್ಗಕ್ಕೋ, ಕಾಗವಾಡದವನು ಮಿರಜ, ಸಾಂಗಲಿಗಳ ಪೇಟೆಗೋ ದುಡಿಯಲು ಹೋದರೆ ರಾಜ್ಯದ ಎಲ್ಲೆಯನ್ನೇ ದಾಟಿದಂತೆ. ಜಿಲ್ಲಾ ಕೇಂದ್ರವಾದ ಬೆಳಗಾವಿಯಿಂದ ಅಥಣಿಗೆ ನೂರು ಕಿಲೋಮೀಟರಿಗೂ ಹೆಚ್ಚಿನ ಹಾದಿ. ಹೀಗಿರುವಾಗ ಬಡವನಾದ ಅಪರಾಧಿಯು ಕಾಯಿದೆ ಕೊಟ್ಟ ಅವಕಾಶವನ್ನು ಜಾಮೀನುದಾರನಿಲ್ಲದ ಒಂದೇ ಕಾರಣಕ್ಕೆ ಕಳೆದುಕೊಳ್ಳುವ ಭಯವಿದೆ.

ಇನ್ನೊಂದು ತೊಡಕು ಬಿಡುಗಡೆಯ ನಂತರದ್ದು. ಪರಿವೀಕ್ಷಣದ ಮೇಲೆ ಬಿಡುಗಡೆಯಾದವನಿಗೆ ಅಪರಾಧ ನಿರ್ಣಯದಿಂದ ಉಂಟಾಗುವ ಅನರ್ಹತೆ ತಟ್ಟಬಾರದೆಂದು 12ನೆಯ ಕಲಮು ಹೇಳಿದರೂ, ಅಪರಾಧ ನಿರ್ಣಯವೇ ಅಳಿಸಿಹೋಗದೆಂದು ಸರ್ವೋಚ್ಚ ನ್ಯಾಯಾಲಯವು 1975ರಲ್ಲಿ ಸ್ಪಷ್ಟಪಡಿಸಿದೆ. 1985ರ ಶಂಕರ ದಾಸ ಪ್ರಕರಣ ಇಲ್ಲಿ ಮನನೀಯ. ದೆಹಲಿಯ ಸರಕಾರಿ ಹಾಲು ಪೂರೈಕೆ ಸಂಸ್ಥೆಯ ಗುಮಾಸ್ತನೊಬ್ಬನು ಕೌಟುಂಬಿಕ ಸಂಕಟಗಳ ನಡುವೆ 500 ರೂಪಾಯಿಗಳನ್ನು ದುರುಪಯೋಗಪಡಿಸಿಕೊಂಡು, ತಪ್ಪೊಪ್ಪಿ ಹಣ ಕಟ್ಟಿದ್ದನು. ಮ್ಯಾಜಿಸ್ಟ್ರೇಟರು ಅವನನ್ನು ಪರಿವೀಕ್ಷಣದ ಮೇಲೆ ಬಿಟ್ಟರು. ಆದರೂ ನೌಕರಿ ಹೋಯಿತು. 12ನೆಯ ಕಲಮು ನೌಕರಿಯನ್ನು ತಾನಾಗಿ ಉಳಿಸದೆಂದು ಹೇಳಿದ ಸರ್ವೋಚ್ಚ ನ್ಯಾಯಾಲಯವು, ಈ ವಜಾ ಅತಿ ಕಠಿಣವೆಂದು ಬಗೆದು, ಹಿಂಬಾಕಿ ವೇತನದೊಡನೆ ಅವನನ್ನು ಮರಳಿ ನೇಮಿಸಲು ಆಜ್ಞಾಪಿಸಿತು. ನ್ಯಾಯಾಲಯವು ಕ್ಷಮಿಸಿದರೂ ಉದ್ಯೋಗದಾತನು ಕ್ಷಮಿಸದಿದ್ದರೆ ಮನುಷ್ಯನ ಗತಿಯೇನೆಂಬುದಕ್ಕೆ ಇದೊಂದು ಪಾಠ.

ಉಪಸಂಹಾರ

ಅಧಿನಿಯಮದ 13ನೆಯ ಕಲಮನ್ನು ನಮ್ಮ ಓದುಗರು ವಿಶೇಷವಾಗಿ ಗಮನಿಸಬೇಕು. ಸರಕಾರ ನೇಮಿಸಿದವನು ಮಾತ್ರವಲ್ಲದೆ, ಸರಕಾರದಿಂದ ಮಾನ್ಯತೆ ಪಡೆದ ಸಂಘವೊಂದು ಒದಗಿಸಿದ ವ್ಯಕ್ತಿಯೂ ಪರಿವೀಕ್ಷಣಾಧಿಕಾರಿಯಾಗಬಹುದು. ಅಸಾಧಾರಣ ಪ್ರಸಂಗದಲ್ಲಿ ನ್ಯಾಯಾಲಯವು ತನಗೆ ಯೋಗ್ಯನೆಂದು ಕಂಡ ಬೇರೆ ಯಾವನನ್ನಾದರೂ ಆ ಸ್ಥಾನದಲ್ಲಿ ನಿಲ್ಲಿಸಬಹುದು. ಅನ್ನ, ಅಕ್ಷರ, ಆಶ್ರಯಗಳನ್ನು ನೀಡುತ್ತ ಬಂದ ಮಠಗಳಿಗೂ ಅವುಗಳ ಸಂಸ್ಥೆಗಳಿಗೂ ಇದು ಹೊರಗಿನ ಕೆಲಸವೆನಿಸಲಾರದು.

ಅಷ್ಟು ದೂರ ಹೋಗದಿದ್ದರೂ ನಮ್ಮಿಂದ ಆಗಬಹುದಾದದ್ದು ಬಹಳವಿದೆ. ಹಳೆಯ ವಿದ್ಯಾರ್ಥಿಯೊಬ್ಬನ ವಿಷಯ ವಿಚಾರಿಸಲು ಅಧಿಕಾರಿ ಬಂದಾಗ, ಶಾಲೆಯ ಹೆಸರಿಗೆ ಕಳಂಕವಾದೀತೆಂದು ಗುರುಗಳು ‘ಗೊತ್ತಿಲ್ಲ’ ಎನ್ನಬಾರದು. ಕಂಡದ್ದನ್ನು ಕಂಡಂತೆ ಹೇಳಬೇಕು. ಅನುಕೂಲವಂತರಾದ ಹಳೆಯ ವಿದ್ಯಾರ್ಥಿಗಳು ನೆರೆಯ ಬಡ ತರುಣನಿಗೆ, ಅವನನ್ನು ಬಲ್ಲವರಾದರೆ, ಜಾಮೀನಾಗಬಹುದು. ದಾನಿಗಳು ಕೊಡುವ ಕೊಠಡಿಯ ಮೇಲೆ ಅವರ ಹೆಸರು ಉಳಿಯುತ್ತದೆ. ತಮ್ಮ ಅಂಗಡಿ, ಗಿರಣಿ, ವಖಾರಿಗಳಲ್ಲಿ ಒಬ್ಬನಿಗೆ ಕೊಡುವ ಕಾಯಕದ ಮೇಲೆ ಯಾರ ಹೆಸರೂ ಇರುವುದಿಲ್ಲ. ಆದರೆ ಆ ಮನೆಯ ಒಲೆ ಉರಿಯುತ್ತದೆ.

ಬಾಸ್ಟನ್ನಿನ ಆ ಕಾಯಕಜೀವಿಯು ಕಾಯಿದೆ ಬರಲೆಂದು ಕಾಯಲಿಲ್ಲ. ನಮ್ಮಲ್ಲಿ ಕಾಯಿದೆಯು ಬಂದು ಆರು ದಶಕಗಳು ಮಿಕ್ಕಿವೆ. ಕಟಕಟೆಯಲ್ಲಿ ನಿಂತ ತರುಣನಿಗಾಗಿ ಎದ್ದು ನಿಲ್ಲಬಲ್ಲ ಒಬ್ಬ ಗುರು, ಒಬ್ಬ ನೆರೆಯವನು, ಒಬ್ಬ ಮಾಲೀಕ ಪ್ರತಿಯೊಂದು ಊರಿನಲ್ಲಿ ದೊರೆಯುವಂತಾದರೆ ಪರಿವೀಕ್ಷಣಾಧಿಕಾರಿಯ ಕಾರ್ಯ ಸಫಲವಾದೀತು. ನಮ್ಮ ವಿದ್ಯಾದಾನವೂ ಸಾರ್ಥಕವಾದೀತು.